ಹಳೇ ಪಿಕಪ್ಪಿಗೆ ಕೈ ಹಾಕುವ ಮುನ್ನ

1968ರ ಷೆವ್ರೊಲೆ ಸಿ-10 ಪಿಕಪ್ ತಂದಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಸಂತೋಷ. ಮೊದಲು ಕಾರ್ಬುರೇಟರ್ ಕಿತ್ತು ಇಂಜೆಕ್ಷನ್ ಹಾಕಿಸ್ತೀನಿ, ಬ್ರೇಕು ಆಮೇಲೆ ಅಂದೆಯಂತೆ. ಆ ಲೆಕ್ಕವನ್ನು ತಿರುಗುಮುರುಗು ಮಾಡಿಕೋ. ಅಮೆರಿಕದ ಹಳೇ ಗಾಡಿ ಬಿಚ್ಚಿ ಜೋಡಿಸಿ ತಲೆ ನರೆಸಿಕೊಂಡ ದೊಡ್ಡಪ್ಪನ ಮಾತು, ಕೇಳು.

• ನಿನ್ನ ಗಾಡಿಗೆ ನಾಲ್ಕೂ ಕಡೆ ಡ್ರಮ್. ನೀರು ಹೊಕ್ಕರೆ ಒಂದು ಚಕ್ರ ಹಿಡಿಯುತ್ತೆ, ಇನ್ನೊಂದು ಹಿಡಿಯಲ್ಲ; ಗಾಡಿ ಪಕ್ಕಕ್ಕೆ ಎಳೆಯುತ್ತೆ. ಇಳಿಜಾರಿನಲ್ಲಿ ಕಾದರೆ ಒತ್ತಿದಷ್ಟೂ ಹಿಡಿತ ಕಮ್ಮಿ. ಕಂಪನಿಯೇ 1971ರಲ್ಲಿ ಸಿ-10ರ ಮುಂಚಕ್ರಕ್ಕೆ ಡಿಸ್ಕ್ ಕೊಟ್ಟಿತು. ನೀನೂ ಮುಂದಕ್ಕೆ ಮಾತ್ರ ಹಾಕು. ಹಿಂದಿನ ಡ್ರಮ್ ಚೆನ್ನಾಗಿದ್ದರೆ ಅದರ ತಂಟೆಗೆ ಹೋಗಬೇಡ.

• ಗುಜರಿಯಲ್ಲಿ 1971ರ ಮುಂಭಾಗ ಸಿಕ್ಕಿತು ಅಂತ ಹಿಗ್ಗಬೇಡ. ನಿನ್ನ ಚಕ್ರಕ್ಕೆ ಆರು ನಟ್ಟು, ಅದಕ್ಕೆ ಐದು. ಸ್ಟೆಪ್ನಿ ಯಾವುದಕ್ಕೆ ಅಂತ ಇಡ್ತೀಯ? ಆರು ನಟ್ಟಿನ ಕಿಟ್ಟೇ ಸಿಗುತ್ತೆ.

• ಡಿಸ್ಕ್ ಹಾಕಿ ಹಳೇ ಮಾಸ್ಟರ್ ಸಿಲಿಂಡರ್ ಉಳಿಸಿಕೊಳ್ಳುವ ಜಿಪುಣತನ ಬೇಡ. ಡ್ರಮ್ಮಿನದರಲ್ಲಿ ಪೈಪಿನೊಳಗೆ 10 ಪಿಎಸ್‌ಐ ಆಸುಪಾಸು ಒತ್ತಡ ಹಿಡಿದಿಡುವ ವಾಲ್ವ್ ಇರುತ್ತೆ. ಅದು ಡಿಸ್ಕಿನ ಲೈನಿಗೆ ಉಳಿದರೆ ಪ್ಯಾಡು ಬಿಡದೆ ಉಜ್ಜುತ್ತಲೇ ಇರುತ್ತೆ. ಸ್ವಲ್ಪ ದೂರ ಓಡಿಸಿ, ಇಳಿದು, ಮುಂಚಕ್ರದ ಹತ್ತಿರ ಕೈ ಹಿಡಿ; ಬ್ರೇಕು ಹೆಚ್ಚು ಒತ್ತದಿದ್ದರೂ ಬಿಸಿ ರಾಚಿದರೆ ಅನುಮಾನ ಇದರ ಮೇಲೇ ಇರಲಿ. ಹಿಂದಿನ ಬ್ರೇಕಿನ ಒತ್ತಡ ತಗ್ಗಿಸುವ ಪ್ರಪೋರ್ಷನಿಂಗ್ ವಾಲ್ವನ್ನೂ ಮರೆಯಬೇಡ. ಖಾಲಿ ಪಿಕಪ್ಪಿನ ಹಿಂದೆ ಭಾರವೇ ಇರಲ್ಲ, ಜೋರಾಗಿ ಒತ್ತಿದರೆ ಹಿಂಚಕ್ರ ಮೊದಲು ಕಚ್ಚಿ ಗಾಡಿ ಅಡ್ಡ ತಿರುಗುತ್ತೆ.

• ತುಕ್ಕು ಹಿಡಿದ ಪೈಪನ್ನು ತುಂಡು ಸೇರಿಸಿ ಸರಿ ಮಾಡಬೇಡ. ಪೂರಾ ಹೊಸದು ಎಳೆ. ತಾಮ್ರ-ನಿಕಲ್ ಪೈಪು ಸುಲಭವಾಗಿ ಬಾಗುತ್ತೆ, ತುಕ್ಕೂ ಹಿಡಿಯಲ್ಲ. ತುದಿಗೆ ಡಬಲ್ ಫ್ಲೇರ್. ನಲ್ಲಿ ಕೆಲಸದ ಕಂಪ್ರೆಷನ್ ಜಾಯಿಂಟ್ ಬ್ರೇಕಿಗೆ ಯಾವತ್ತೂ ಬೇಡ.

• ಹಳೇ ಲೈನರಿನ ಧೂಳಿನಲ್ಲಿ ಕಲ್ನಾರು ಇರಬಹುದು. ಗಾಳಿ ಹೊಡೆದು ಹಾರಿಸಬೇಡ, ಒದ್ದೆ ಮಾಡಿ ಒರೆಸು.

• ಬ್ರೇಕ್ ಆಯಿಲ್ ಡಾಟ್ 3 ಅಥವಾ ಡಾಟ್ 4. ಡಾಟ್ 5 ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸುವಂತಿಲ್ಲ. ಮಾಸ್ಟರ್ ಸಿಲಿಂಡರಿನ ಗಾಳಿಯನ್ನು ಗಾಡಿಗೆ ಕೂರಿಸುವ ಮುಂಚೆಯೇ ತೆಗೆ. ಆಮೇಲೆ ಬ್ರೇಕ್ ಲೈನಿನ ಗಾಳಿ ತೆಗೆಯೋದನ್ನು ಬಲಗಡೆ ಹಿಂಚಕ್ರದಿಂದ ಶುರು ಮಾಡು.

• ಈಗ ಪೆಟ್ರೋಲು. ಆ ಮಾಡೆಲ್ಲಿನಲ್ಲಿ ಟ್ಯಾಂಕು ಇರೋದು ಕ್ಯಾಬಿನ್ನಿನೊಳಗೆ, ನಿನ್ನ ಸೀಟಿನ ಬೆನ್ನಿಗೇ. ಆ ಕಾಲಕ್ಕೆ ಅದು ಮಾಮೂಲು. ನನ್ನ ಕೇಳಿದರೆ ಇಂಜೆಕ್ಷನ್ನಿಗಿಂತ ಮೊದಲು ಟ್ಯಾಂಕನ್ನು ಹಿಂದಿನ ಬಾಡಿಯ ಕೆಳಗೆ, ಚಾಸಿಯ ನಡುವೆ ಸರಿಸು. ಹಳೇ ಟ್ಯಾಂಕಿಗೆ ವೆಲ್ಡಿಂಗ್ ಮಾತ್ರ ಮುಟ್ಟಿಸಬೇಡ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯೋದು.

• ಕಾರ್ಬುರೇಟರಿಗೆ 5–6 ಪಿಎಸ್‌ಐ ಸಾಕು. ಈಗಿನ ಇಂಜೆಕ್ಷನ್ ಕಿಟ್ಟುಗಳಿಗೆ ಸುಮಾರು 58 ಬೇಕು. ಹಳೇ ರಬ್ಬರ್ ಹೋಸು ಅದನ್ನು ತಡೆಯಲ್ಲ. ಜೊತೆಗೆ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತೆ, ಅದು ಹಳೇ ರಬ್ಬರನ್ನು ಒಳಗಿನಿಂದಲೇ ತಿನ್ನುತ್ತೆ. ಇಂಜೆಕ್ಷನ್ನಿಗೆ ಅಂತಲೇ ಮಾಡಿದ ಹೋಸು, ಕ್ಲಿಪ್ಪು ತಗೋ. ಪಂಪು ಟ್ಯಾಂಕಿನೊಳಗೇ ಇರಲಿ, ತಂಪಾಗಿರುತ್ತೆ. ಅಪಘಾತವಾದರೆ ಪಂಪು ತಾನೇ ನಿಲ್ಲುವಂಥ ಸ್ವಿಚ್ಚನ್ನು ಖಂಡಿತ ಹಾಕಿಸು.

• ಹೊಸ ಟ್ಯಾಂಕಿನ ಫ್ಲೋಟು ನಿನ್ನ ಮೀಟರಿಗೆ ಹೊಂದಬೇಕು: 0–90 ಓಮ್.

• ಭಾನುವಾರ ಭಾನುವಾರ ಓಡಿಸುವ ಗಾಡಿಗೆ ಇಂಜೆಕ್ಷನ್ ಶೋಕಿ. ಕಾರ್ಬುರೇಟರ್ ಬಿಚ್ಚಿ ತೊಳೆದು, ಹೊಸ ಪ್ಯಾಕಿಂಗ್ ಹಾಕಿ ಸೆಟ್ ಮಾಡಿದರೆ ಧಾರಾಳ. ಕೊರೆಯುವ ಚಳಿಯಲ್ಲಿ ದಿನಾ ಕೆಲಸಕ್ಕೆ ಒಯ್ಯುವುದಾದರೆ ಮಾತ್ರ ಅಷ್ಟು ದುಡ್ಡು ಸುರಿ.

• ಎಲ್ಲ ಮುಗಿದ ಮೇಲೆ ಖಾಲಿ ಮೈದಾನದಲ್ಲಿ ಗಂಟೆಗೆ 20 ಮೈಲಿ ವೇಗದಲ್ಲಿ ಒತ್ತಿ ನೋಡು. ಪೆಡಲ್ ಮೆತ್ತಗಿದ್ದರೆ ಒಳಗಿನ್ನೂ ಗಾಳಿ ಇದೆ. ಪೆಡಲ್ ಗಟ್ಟಿಯಾಗುವ ತನಕ ಗಾಡಿಯನ್ನು ಹೈವೇಗೆ ಹತ್ತಿಸಬೇಡ, ನಿನ್ನ ಮಗನನ್ನಂತೂ ಪಕ್ಕದಲ್ಲಿ ಕೂರಿಸಿಕೊಳ್ಳಲೇಬೇಡ.