ಕುಂಡದಲ್ಲಿ ಭೂತಾಳೆ: ನೀರು ಕಡಿಮೆ, ತಾಳ್ಮೆ ಜಾಸ್ತಿ

ಹೊಲದ ಬದುವಿನಲ್ಲಿ ಬೇಲಿಯಾಗಿ ನಿಂತಿರುವ ಭೂತಾಳೆ ನಿಮಗೆಲ್ಲ ಗೊತ್ತು. ಕೆಲವು ಕಡೆ ಇದನ್ನೇ ಕತ್ತಾಳೆ ಅಂತಾರೆ. ಹುಟ್ಟೂರು ಮೆಕ್ಸಿಕೋ ಕಡೆ, ಸಸ್ಯಶಾಸ್ತ್ರದ ಹೆಸರು ಅಗೇವ್ ಅಮೆರಿಕಾನ. ಇದರ ಹಳದಿ ಅಂಚಿನ ತಳಿಯನ್ನು ಪೇಟೆಯವರು ಮನೆ ಮುಂದೆ, ರೆಸಾರ್ಟ್ ಅಂಗಳದಲ್ಲಿ ಇಡೋಕೆ ದುಡ್ಡು ಕೊಟ್ಟು ಒಯ್ಯುತ್ತಾರೆ. ಹಾಗಾಗಿ ಈ ವಾರ ಇದರ ಪಾಠ.

ನಾನು ಅಲಂಕಾರಿಕ ಗಿಡ ಬೆಳೆಸುವವನು. ಹೊಸಬರ ಭೂತಾಳೆ ಒಣಗಿ ಸತ್ತಿದ್ದನ್ನು ನೋಡಿದ್ದು ಅಪರೂಪ, ಕೊಳೆತು ಸತ್ತಿದ್ದೇ ಹೆಚ್ಚು. ಈ ಗಿಡ ಹಗಲಿನ ಬಿಸಿಲಲ್ಲಿ ಎಲೆಯ ರಂಧ್ರ ಮುಚ್ಚಿಕೊಂಡು ರಾತ್ರಿ ತೆರೆಯುತ್ತದೆ. ನೀರು ಆವಿಯಾಗೋದು ತೀರಾ ಕಡಿಮೆ. ಟೊಮೆಟೊಗೆ ಬಿಟ್ಟ ಹಾಗೆ ಇದಕ್ಕೂ ದಿನಾ ನೀರು ಬಿಟ್ಟರೆ ಬೇರು ಉಸಿರುಗಟ್ಟುತ್ತದೆ.

ಯಾವ ತಳಿ ಆರಿಸಬೇಕು?

• ಹಳದಿ ಅಂಚಿನ 'ಮಾರ್ಜಿನೇಟಾ': ಪೂರ್ತಿ ಬಿಸಿಲು ಬೇಕು. ನೆಲದಲ್ಲಿ ಬೆಳೆದರೆ 6 ಅಡಿಗೂ ಹೆಚ್ಚು ಅಗಲಕ್ಕೆ ಹರಡುತ್ತದೆ. ಎಲೆಯ ತುದಿ, ಅಂಚು ಎರಡರಲ್ಲೂ ಮುಳ್ಳು.
• ಅಗೇವ್ ಅಟೆನುವಾಟಾ: ಮುಳ್ಳಿಲ್ಲ, ಎಲೆ ಮೆತ್ತಗೆ. ಮಧ್ಯಾಹ್ನದ ಸುಡುಬಿಸಿಲಿಗೆ ಸ್ವಲ್ಪ ನೆರಳು ಕೊಡಿ. ಮಕ್ಕಳಿರುವ ಮನೆಯವರು ಕೇಳಿದರೆ ಇದನ್ನೇ ತೋರಿಸಿ.

ಮರಿ ಬೇರ್ಪಡಿಸುವ ಕ್ರಮ

ಬೀಜದ ತಂಟೆ ಬೇಡ. ಮಾರ್ಜಿನೇಟಾದ ಬುಡದಲ್ಲಿ ಮರಿಗಳು ಏಳುತ್ತವೆ, ಅವನ್ನೇ ಬಳಸಿ. ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆ ಸಮಯ.

1. ಮರಿ ಒಂದು ಗೇಣಿನಷ್ಟು ಆಗಲಿ. ತಾಯಿಬೇರಿಗೆ ಅಂಟಿದ ಜಾಗವನ್ನು ಶುದ್ಧವಾದ ಹರಿತ ಚಾಕುವಿನಿಂದ ಕತ್ತರಿಸಿ.
2. 5ರಿಂದ 7 ದಿನ ನೆರಳಲ್ಲಿ ಹಾಗೇ ಇಡಿ. ಗಾಯ ಒಣಗಿ ಗಟ್ಟಿಯಾಗಬೇಕು. ಈ ಹೆಜ್ಜೆ ಬಿಟ್ಟರೆ ಕೊಳೆ ಅಲ್ಲಿಂದಲೇ ಶುರು.
3. ಕೆಂಪು ಮಣ್ಣು, ದಪ್ಪ ಮರಳು, ಇಟ್ಟಿಗೆ ಚೂರು ಸಮಪಾಲು, ಜೊತೆಗೆ ಒಂದು ಹಿಡಿ ಎರೆಗೊಬ್ಬರ. ಕುಂಡದ ತಳದಲ್ಲಿ ತೂತು ಇರಲೇಬೇಕು.
4. ನೆಟ್ಟು ಒಂದು ವಾರ ಆದ ಮೇಲೆ ಮೊದಲ ನೀರು.

ಒಂದು ಸೂಕ್ಷ್ಮ: ಹಳದಿ ಅಂಚಿನ ತಾಯಿಗೂ ಒಮ್ಮೊಮ್ಮೆ ಪೂರ್ತಿ ಹಸಿರು ಮರಿ ಬರುತ್ತದೆ. ಅದು ಬೇಗ ಬೆಳೆದು ಬಣ್ಣದ ಗಿಡವನ್ನು ಹಿಂದೆ ಹಾಕುತ್ತದೆ. ಕಂಡ ಕೂಡಲೇ ತೆಗೆದುಬಿಡಿ.

ನೀರು, ಬಿಸಿಲು

ಬೆರಳನ್ನು 2 ಇಂಚು ಮಣ್ಣಿಗೆ ಇಳಿಸಿ. ಒಣಗಿದ್ದರೆ ಮಾತ್ರ ನೀರು. ಅಂದಾಜಿಗೆ ಬೇಸಿಗೆಯಲ್ಲಿ 8-10 ದಿನಕ್ಕೊಮ್ಮೆ, ಚಳಿಗಾಲದಲ್ಲಿ 15-20 ದಿನಕ್ಕೊಮ್ಮೆ. ಕೊಟ್ಟಾಗ ತಳದಿಂದ ಇಳಿದು ಬರುವಷ್ಟು ಕೊಡಿ, ಎಲೆಗಳ ನಡುವಿನ ಸುಳಿಗೆ ಸುರಿಯಬೇಡಿ. ಜಡಿಮಳೆ ಹಿಡಿದರೆ ಕುಂಡಗಳನ್ನು ಸೂರಿನಡಿ ಸರಿಸಿ.

ನೆರಳಲ್ಲಿ ಬೆಳೆದ ಗಿಡವನ್ನು ಒಮ್ಮೆಲೇ ಬಿಸಿಲಿಗೆ ತಂದರೆ ಎಲೆ ಸುಟ್ಟು ಬಿಳಿಚಿಕೊಳ್ಳುತ್ತದೆ. ಬೆಳಗಿನ ಬಿಸಿಲಿಂದ ಶುರು ಮಾಡಿ 10-15 ದಿನದಲ್ಲಿ ರೂಢಿ ಮಾಡಿಸಿ.

ಗಿಡ ಏನು ಹೇಳ್ತಿದೆ?

• ಎಲೆ ಸುಕ್ಕಾಗಿ ಒಳಕ್ಕೆ ಮುದುಡಿದೆ, ಮಣ್ಣೂ ಒಣಗಿದೆ: ನೀರು ಬೇಕು. ಗಾಬರಿ ಬೇಡ.
• ಕೆಳಗಿನ ಎಲೆಗಳು ಹಳದಿಯಾಗಿ ಮೆತ್ತಗಾಗಿವೆ, ಬುಡದಲ್ಲಿ ವಾಸನೆ: ಕೊಳೆ ರೋಗ. ಕಿತ್ತು ಕೊಳೆತದ್ದನ್ನೆಲ್ಲ ಕತ್ತರಿಸಿ, ಒಣಗಿಸಿ, ಹೊಸ ಮಣ್ಣಿಗೆ ನೆಡಿ. ಸುಳಿಯೇ ಕೊಳೆತಿದ್ದರೆ ಗಿಡ ಉಳಿಯಲ್ಲ, ಚೆನ್ನಾಗಿರುವ ಮರಿ ಇದ್ದರೆ ಉಳಿಸಿಕೊಳ್ಳಿ.
• ಎಲೆಯ ಸಂದಿನಲ್ಲಿ ಬಿಳಿ ಹತ್ತಿಯಂಥದ್ದು: ಹಿಟ್ಟು ತಿಗಣೆ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ.

ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನಿಧಾನ ಬೆಳೆಯುವ ಗಿಡದ ಬದಲಾವಣೆ ಕಣ್ಣಿಗಿಂತ ಫೋಟೊದಲ್ಲಿ ಬೇಗ ಗೊತ್ತಾಗುತ್ತದೆ.

ಎಚ್ಚರಿಕೆ

ಭೂತಾಳೆಯ ರಸ ಚರ್ಮಕ್ಕೆ ತಾಗಿದರೆ ಉರಿ, ತುರಿಕೆ. ತುದಿಮುಳ್ಳು ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕೈಗವಸು, ಕನ್ನಡಕ ಹಾಕದೆ ಕೆಲಸಕ್ಕೆ ಇಳೀಬೇಡಿ. ಓಡಾಡುವ ದಾರಿಯ ಪಕ್ಕ ನೆಡಬೇಡಿ. ಮಿಕ್ಕ ಮರಿಗಳನ್ನು ಹಳ್ಳದ ದಂಡೆಗೆ ಎಸೆಯಲೂ ಬೇಡಿ, ಬಿದ್ದಲ್ಲೇ ಬೇರೂರಿ ಜಾಗ ಹಿಡಿಯುತ್ತವೆ.

ಕೊಳ್ಳುವವರಿಗೆ ಈ ಮಾತು ಹೇಳಿ

ಭೂತಾಳೆ ಜೀವಮಾನದಲ್ಲಿ ಒಂದೇ ಸಲ ಹೂ ಬಿಡುತ್ತದೆ, ಸಾಮಾನ್ಯವಾಗಿ 10ರಿಂದ 30 ವರ್ಷದೊಳಗೆ. ನೆಲದ ಗಿಡದಲ್ಲಿ ಹೂಗಂಬ 20 ಅಡಿ ದಾಟುವುದುಂಟು. ಆಮೇಲೆ ತಾಯಿಗಿಡ ಸಾಯುತ್ತದೆ, ಕಂಬ ಕಡಿದರೂ ಉಳಿಯಲ್ಲ. ಬುಡದ ಮರಿಗಳು ಮುಂದುವರಿಯುತ್ತವೆ. ಮಾರುವಾಗಲೇ ಇದನ್ನು ತಿಳಿಸಿದರೆ ನಾಳೆ 'ರೋಗದ ಗಿಡ ಕೊಟ್ಟ' ಅನ್ನೋ ಮಾತು ಬರಲ್ಲ.

ಕೊನೆಗೆ ದುಡ್ಡಿನ ವಿಷಯ. ಮರಿ ದೊಡ್ಡ ಕುಂಡದ ಗಿಡವಾಗೋಕೆ ವರ್ಷಗಳೇ ಬೇಕು. ಸಾಲ ತಂದು ಇದಕ್ಕೆ ಕೈ ಹಾಕಬೇಡಿ. ಎರಡು ತಾಯಿಗಿಡ ತಂದು, ಹತ್ತು ಮರಿ ಉಳಿಸಿ, ಸುತ್ತಲಿನ ನರ್ಸರಿಗಳಲ್ಲಿ ಯಾವ ಅಳತೆಯ ಗಿಡ ಹೋಗುತ್ತೆ ಅಂತ ಕೇಳಿಕೊಳ್ಳಿ. ಒಂದು ಮಳೆಗಾಲ ಆ ಹತ್ತನ್ನೂ ಕೊಳೆಯದಂತೆ ದಾಟಿಸಿದರೆ, ಮುಂದಿನದಕ್ಕೆ ನೀವು ತಯಾರು.