ದಾಕ್ಷಿಣ್ಯದ ವಿಚಾರವಾಗಿ ಒಂದು ಪತ್ರ

ಸರಸ್ವತೀಪುರಂ, ಮೈಸೂರು

ಮಗು,

ಹೆಬ್ಬಾಳದ ಕಚೇರಿಯಲ್ಲಿ ತರಬೇತಿಯನ್ನು ಮುಗಿಸಿ, ನ್ಯೂಯಾರ್ಕಿನವರೊಡನೆ ಕೂಡಿ ನಡೆಸಬೇಕಾದ ಅಜೈಲ್ ಪ್ರಾಜೆಕ್ಟ್ ಒಂದಕ್ಕೆ ನೀನು ನಿಯುಕ್ತಳಾದ ವಾರ್ತೆಯಿಂದ ಸಂತೋಷವಾಯಿತು. ಆದರೆ ಸಂಜೆಯ ಸ್ಟ್ಯಾಂಡಪ್ ಸಭೆಯಲ್ಲಿ ಅವರಾಡುವ ಮಾತಿನಲ್ಲಿ ಅರ್ಧವು ತಿಳಿಯದಿದ್ದರೂ ಎಲ್ಲಕ್ಕೂ ‘ಆಗಲಿ’ ಎಂದುಬಿಡುತ್ತೇನೆಂದು ನೀನು ನಗುತ್ತ ಹೇಳಿದುದು ಅಂದಿನಿಂದ ನನ್ನ ಮನಸ್ಸನ್ನು ಕೊರೆಯುತ್ತಿದೆ. ಸಾಫ್ಟ್‌ವೇರಿನ ಈ ವೃತ್ತಿಯಲ್ಲಿಯೇ ಕೂದಲು ನರೆತವನಾದ್ದರಿಂದ, ನಿನಗೂ ನಿನ್ನ ವಯಸ್ಸಿನ ಇತರರಿಗೂ ಹೇಳಬೇಕೆನಿಸಿದುದನ್ನು ಬರೆಯುತ್ತಿದ್ದೇನೆ.

ನೀನು ಕಲಿತಿರುವ ಈ ಅಜೈಲ್ ಪದ್ಧತಿಯು ಹುಟ್ಟಿದ್ದು ಎದುರುಬದುರಾಗಿ ಕುಳಿತು ಕೆಲಸಮಾಡುವವರಿಗಾಗಿ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್ ಎಂಬಲ್ಲಿ 17 ಮಂದಿ ತಜ್ಞರು ಕಲೆತು ಅಜೈಲ್ ಪ್ರಣಾಳಿಕೆಯನ್ನು ರೂಪಿಸಿದಾಗ, ಅದರ ಬೆನ್ನಿಗೆ ಬಂದ 12 ಸೂತ್ರಗಳಲ್ಲಿ, ತಂಡದವರಿಗೆ ವಿಷಯವನ್ನು ಮುಟ್ಟಿಸಲು ಮುಖಾಮುಖಿ ಸಂಭಾಷಣೆಗೆ ಮಿಗಿಲಾದ ಮಾರ್ಗವಿಲ್ಲವೆಂಬುದೂ ಒಂದಾಗಿತ್ತು. ಅದೇ ವರ್ಷ ಥಾಟ್‌ವರ್ಕ್ಸ್ ಎಂಬ ಸಾಫ್ಟ್‌ವೇರ್ ಸಂಸ್ಥೆಯು ಬೆಂಗಳೂರಿನಲ್ಲಿ ಶಾಖೆಯನ್ನು ತೆರೆದು, ಸಮುದ್ರದ ಎರಡು ದಡಗಳಲ್ಲಿರುವವರಿಂದ ಇದನ್ನು ನಡೆಸಲು ಹೊರಟಿತು. ಆ ಸಂಸ್ಥೆಯವರೂ ಸ್ನೋಬರ್ಡಿನ 17 ಮಂದಿಯಲ್ಲೊಬ್ಬರೂ ಆದ ಮಾರ್ಟಿನ್ ಫೌಲರ್ ಅವರು ಆ ಅನುಭವವನ್ನು ಕುರಿತು ಬರೆದ ಲೇಖನವನ್ನು ನಾನು ಹಲವು ಸಲ ಓದಿದ್ದೇನೆ. ಎರಡೂ ಕಡೆಯ ಕೋಡನ್ನು ಆಗಿಂದಾಗಲೇ ಒಂದೇ ಬಿಲ್ಡ್‌ಗೆ ಕೂಡಿಸಬೇಕು, ವಿನ್ಯಾಸ ಅಲ್ಲಿ ಕೋಡಿಂಗ್ ಇಲ್ಲಿ ಎಂದು ತಂಡಗಳನ್ನು ಸೀಳದೆ ಇಡಿಯಾದ ಒಂದೊಂದು ಭಾಗವನ್ನೇ ಒಂದೊಂದು ತಂಡಕ್ಕೆ ಒಪ್ಪಿಸಬೇಕು ಎಂಬಿವೆಲ್ಲ ಅದರಲ್ಲಿವೆ. ನನಗೆ ಅತ್ಯಂತ ಮಹತ್ತ್ವದ್ದಾಗಿ ಕಂಡದ್ದು ರಾಯಭಾರಿಯ ವಿಚಾರ: ಈ ಕಡೆಯ ಒಬ್ಬರು ಆ ಕಡೆಯಲ್ಲಿಯೂ, ಆ ಕಡೆಯ ಒಬ್ಬರು ಈ ಕಡೆಯಲ್ಲಿಯೂ ಕೆಲವು ತಿಂಗಳು ಇದ್ದು, ಕಾಗದದಲ್ಲಿ ಬಾರದೆ ಊಟದ ವೇಳೆಯ ಹರಟೆಯಲ್ಲಿ ಮಾತ್ರ ಹೊರಬೀಳುವ ಸಂಗತಿಯನ್ನು ತಮ್ಮವರಿಗೆ ಮುಟ್ಟಿಸುವುದು. ಪ್ರಯಾಣದ ವೆಚ್ಚವನ್ನು ಉಳಿಸಲೆಂದು ಇದನ್ನು ಕೈಬಿಡುವವರು ಅದರ ಹಲವು ಪಟ್ಟನ್ನು ತಪ್ಪು ತಿದ್ದುವುದರಲ್ಲಿ ತೆರುತ್ತಾರೆಂಬುದು ನನ್ನ ದೃಢವಾದ ಅಭಿಪ್ರಾಯ.

ನೀನಿನ್ನೂ ರಾಯಭಾರಿಯಾಗಿಲ್ಲ; ನಿನ್ನ ವಶದಲ್ಲಿರುವ ಸಾಧನ ಮಾತು. ಅದನ್ನು ಬಳಸದೆ ನಾನೇ ಒಮ್ಮೆ ಎಡವಿದ್ದೇನೆ. ಈ ಪದ್ಧತಿಯು ನಮ್ಮಲ್ಲಿ ಹೊಸದಾಗಿದ್ದ ವರ್ಷಗಳಲ್ಲಿ, ವಿಮಾ ಕಂತುಗಳ ಲೆಕ್ಕವನ್ನು ಬರೆಯುತ್ತಿದ್ದ ನಮ್ಮ ತಂಡಕ್ಕೆ, ದಿನದ ಅಂತ್ಯದೊಳಗೆ ಬಂದ ಹಣವನ್ನು ಆ ದಿನದ ಲೆಕ್ಕಕ್ಕೇ ಜಮಾ ಮಾಡಬೇಕೆಂದು ಆ ಕಡೆಯವರು ಹೇಳಿದರು. ದಿನದ ಅಂತ್ಯವೆಂದರೆ ನಡುರಾತ್ರಿಯೋ, ಅವರ ಕಚೇರಿಯು ಲೆಕ್ಕ ಮುಗಿಸುವ ಸಂಜೆಯೋ, ಸಂಜೆಯಾದರೆ ಯಾವ ಊರಿನ ಗಡಿಯಾರದ ಸಂಜೆಯೋ ಎಂಬ ಸಂದೇಹವು ನನ್ನ ನಾಲಗೆಯ ತುದಿಗೆ ಬಂದಿತ್ತು. ಉಳಿದವರೆಲ್ಲ ಸುಮ್ಮನಿರುವಾಗ ನಾನೊಬ್ಬ ಕೇಳಿದರೆ ಏನೆಂದುಕೊಂಡಾರೋ ಎಂದು ನುಂಗಿಕೊಂಡೆ. ಸ್ಪ್ರಿಂಟ್ ಎಂಬ ಎರಡು ವಾರಗಳ ಕೆಲಸದ ಸುತ್ತು ಮುಗಿದು ಡೆಮೊ ತೋರಿಸಿದ ದಿನ, ಸಂಜೆಯ ತರುವಾಯ ಬಂದ ಹಣವೆಲ್ಲವೂ ತಪ್ಪು ದಿನಾಂಕಕ್ಕೆ ಸೇರಿರುವುದು ಕಂಡಿತು. ಮುಂದಿನ ಸ್ಪ್ರಿಂಟಿನಲ್ಲಿ ನಾವು ನಾಲ್ವರು ಅದನ್ನೇ ಕಿತ್ತು ಕಟ್ಟಿದೆವು. ಕೇಳಿದ್ದರೆ ಅರ್ಧ ನಿಮಿಷದ ಮಾತು.

ಹೀಗೆ ಸಂದೇಹವನ್ನು ನುಂಗಿಕೊಳ್ಳುವುದಕ್ಕೆ ನಮ್ಮಲ್ಲಿ ದಾಕ್ಷಿಣ್ಯವೆಂದು ಹೆಸರು. ಎದುರಿನವರ ಮುಖ ಮುರಿಯಲಾರದ, ಬೇಡವೆನ್ನಲಾರದೆ ಇನ್ನೊಂದು ಸೌಟು ಪಾಯಸವನ್ನು ಬಡಿಸಿಕೊಳ್ಳುವ ಈ ಸ್ವಭಾವವನ್ನು ನಾನು ಹಗುರವಾಗಿ ಕಾಣಲಾರೆ. ಈ ಊರಿನ ಬಾಳುವೆ ಹಿತವಾಗಿರುವುದು ಬಹುಮಟ್ಟಿಗೆ ಅದರಿಂದಲೇ. ಆದರೆ ತಪ್ಪನ್ನು ಬೇಗನೆ ಬಯಲಿಗೆ ತರುವುದಕ್ಕೆಂದೇ ಇರುವ ಪದ್ಧತಿಯಲ್ಲಿ, ಒಪ್ಪಿಗೆಯ ಮೌನವೂ ಸಂದೇಹದ ಮೌನವೂ ದೂರದವರಿಗೆ ಒಂದೇ ಆಗಿ ಕೇಳಿಸುವಲ್ಲಿ, ದಾಕ್ಷಿಣ್ಯದ ‘ಆಗಲಿ’ಯು ಸುಳ್ಳಿಗೆ ಸಮವಾಗುತ್ತದೆ. ಒಂದೇ ಕಡೆಯ ಮಾತೆಂದರೇನೆಂದು ಈ ಊರಿಗೆ ಗೊತ್ತು: ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದ ಊರು ನಮ್ಮದು; ಆಕಾಶವಾಣಿಯೆಂಬ ಹೆಸರು ಅದಕ್ಕೆ ಚೆನ್ನಾಗಿ ಒಪ್ಪಿತು, ಏಕೆಂದರೆ ಮೇಲಿನಿಂದ ಇಳಿದ ನುಡಿಗೆ ಕೇಳುವವನು ಮರುಮಾತಾಡುವಂತಿರಲಿಲ್ಲ. ನಿನ್ನ ಸ್ಟ್ಯಾಂಡಪ್ ಆಕಾಶವಾಣಿಯಾಗಕೂಡದು.

ನ್ಯೂಯಾರ್ಕಿನವರು ಹೇಳಿದುದನ್ನು ನಿನ್ನ ಮಾತಿನಲ್ಲಿ ತಿರುಗಿ ಹೇಳಿ ಸರಿಯೇ ಎಂದು ಕೇಳು. ಅಷ್ಟಕ್ಕೇ ಬಿಡದೆ, ಇಂತಿಷ್ಟು ಗಂಟೆಗೆ ಬಂದ ಇಂತಿಷ್ಟು ಹಣ ಯಾವ ದಿನಕ್ಕೆ ಸೇರಬೇಕು ಎಂಬಂತಹ ಒಂದೆರಡು ಉದಾಹರಣೆಗಳನ್ನು ಟೆಸ್ಟ್ ಆಗಿ ಬರೆದು ಅವರಿಗೆ ಕಳುಹಿಸು. ಇಂಗ್ಲಿಷಿನ ಉಚ್ಚಾರದಲ್ಲಿ ಕಳೆದುಹೋದ ಅರ್ಥವು ಅಂಕಿಗಳಲ್ಲಿ ಕಳೆದುಹೋಗದು. ಮತ್ತೊಂದು ಮಾತು: ಅಲ್ಲಿಯ ಬೆಳಗ್ಗೆ ಒಂಬತ್ತು ಬೇಸಗೆಯಲ್ಲಿ ಇಲ್ಲಿಯ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ; ವರ್ಷವಿಡೀ ನೀವೇ ಸಂಜೆಯನ್ನು ಕೊಡುತ್ತಿದ್ದರೆ, ವಾರದಲ್ಲೊಂದು ದಿನವಾದರೂ ಅವರು ತಮ್ಮ ಸಂಜೆಯನ್ನು ಕೊಡಲೆಂದು ಸ್ಪ್ರಿಂಟಿನ ಕೊನೆಗೆ ನಡೆಯುವ ಹಿನ್ನೋಟದ ರಿಟ್ರೋ ಸಭೆಯಲ್ಲಿ ವಿನಯದಿಂದ ಕೇಳುವ ಹಕ್ಕು ನಿಮಗಿದೆ.

ನಾಳೆಯ ಸಭೆಯಲ್ಲಿ ತಿಳಿಯದುದು ಒಂದಿದ್ದರೆ, ‘ಇದು ನನಗೆ ತಿಳಿಯಲಿಲ್ಲ’ ಎಂದು ಹೇಳು. ಅವರು ಏನೆಂದರೆಂಬುದನ್ನು ಭಾನುವಾರ ಮನೆಗೆ ಬಂದಾಗ ನನಗೆ ತಿಳಿಸು.

ನಿನ್ನ ಹಿತೈಷಿ,
ದೊಡ್ಡಪ್ಪ