ಮಾಳಿಗೆ ಸೋರಿದಾಗ ಬರೆದ ಪತ್ರ

ಗಂಗಾವತಿಯಲ್ಲಿ ನಾವಿರುವುದು ಬಾಡಿಗೆ ಮನೆ. ಕಳೆದ ಮಳೆಗಾಲದಲ್ಲಿ ಮಾಳಿಗೆ ಸೋರಿ ಸ್ವಿಚ್ ಬೋರ್ಡಿನ ಗೋಡೆಯೇ ಒದ್ದೆಯಾಯಿತು. ಅಬ್ಬಾ ಮೂರು ಸಲ ಹೇಳಿದರು. ಮಾಲೀಕರು ಮೂರು ಸಲವೂ 'ನೋಡೋಣ' ಎಂದರು. ಆಗ ಕನ್ನಡ ತರಗತಿಯ ವ್ಯವಹಾರ ಪತ್ರ ನೆನಪಾಯಿತು. ಅಂಕಕ್ಕೆಂದು ಕಲಿತದ್ದು!

ದಿನಾಂಕ, ಮನೆಯ ವಿಳಾಸ, ಯಾವ ಕೋಣೆ, ಎಂದಿನಿಂದ ಸೋರುತ್ತಿದೆ, ಯಾವ ದಿನದೊಳಗೆ ದುರಸ್ತಿಯಾಗಬೇಕು ಎಂಬುದನ್ನೆಲ್ಲ ಸಿಟ್ಟಿನ ಮಾತಿಲ್ಲದೆ ಬರೆದೆ. ಕರಾರು ಪತ್ರ ಅಬ್ಬಾ ಹೆಸರಿನಲ್ಲಿರುವುದರಿಂದ ಸಹಿ ಅವರದು. ಫೋಟೊ ಲಗತ್ತಿಸಿ, ಒಂದು ಪ್ರತಿ ಇಟ್ಟುಕೊಂಡು ಅಂಚೆಯಲ್ಲಿ ಕಳಿಸಿದೆವು. ರಸೀದಿ ಜೋಪಾನವಾಗಿದೆ.

ಬರೆದೇ ಏಕೆ ಕೊಡಬೇಕು? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟು ತಕ್ಕಷ್ಟು ಸಮಯ ಕಳೆದರೂ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ನೋಟಿಸ್ ಕೊಟ್ಟದ್ದಕ್ಕೆ ಬಾಯಿಮಾತು ಸಾಕ್ಷಿಯಾಗುವುದು ಕಷ್ಟ. ಆದರೆ ದುರಸ್ತಿ ಯಾರ ಪಾಲಿನದೆಂದು ಕರಾರಿನಲ್ಲಿ ಮೊದಲು ಓದಿಕೊಳ್ಳಿ. ಸುಮ್ಮನೆ ಬಾಡಿಗೆ ನಿಲ್ಲಿಸಬೇಡಿ. ಜಗಳಕ್ಕೆ ತಿರುಗಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಸಲಹೆ ಕೇಳಬಹುದು.

ಪತ್ರ ತಲುಪಿದ ಒಂಬತ್ತನೇ ದಿನ ಗೌಂಡಿ ಬಂದ. ಹಿಂದೆಯೇ ಮಾಲೀಕರೂ ಬಂದರು. ಅಮ್ಮಿ ಚಹಾ ಕೊಟ್ಟರು.